ಇನೇಸಳ ಅಳು

ಬ್ಲಾಂಕಾ ಇವತ್ತು ಕೆಲಸಕ್ಕೆ ಬಾರದಿದ್ದರೆ ಒಳ್ಳೆಯದಿತ್ತು ಎಂದು ಗುಲಾಬಿಗೆ ಅನ್ನಿಸಿದ್ದು ಹಲ್ಲುಜ್ಜುವಾಗ. ಅನ್ನಿಸಿದ ಕೂಡಲೇ ತನ್ನ ಮೇಲೆಯೇ ಸಿಟ್ಟು ಬಂದು ಬ್ರಷ್ಷನ್ನು ಸಿಂಕಿಗೆ ಎಸೆದಳು. ಈ ವರ್ಷ ಗೋದಾಮಿನಲ್ಲಿ ಒಂದು ದಿನ ಬಾರದವರನ್ನು ಮರುದಿನ ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರು. ಗೆಳತಿಯೊಬ್ಬಳ ಅನ್ನ ಹೋಗಲಿ ಎಂದು ಬಾಯಿತುಂಬ ನೊರೆ ಇಟ್ಟುಕೊಂಡು ಬಯಸುವವಳು ಎಂಥ ಹೆಂಗಸು? ಹಾಲ್‌ನಲ್ಲಿ ಗಂಡ ದೇಜಪ್ಪ ಕಂಬಳಿ ಹೊದ್ದು ಟಿವಿಯಲ್ಲಿ ಹವಾಮಾನ ನೋಡುತ್ತಿದ್ದ. ಜ್ಯಾಕ್ಸನ್ ಹೈಟ್ಸಿನಲ್ಲಿ ಅವನು ಅಡುಗೆ ಮಾಡುವ ಹೊಟೇಲಿನ ಮಾಲೀಕ ಹೊಸ ವರ್ಷದಿಂದ ಸೋಮವಾರ, ಮಂಗಳವಾರ ಬರುವುದು ಬೇಡ ಎಂದಿದ್ದ. ಎಲ್ಲಿಗೂ ಹೋಗಲಿಕ್ಕಿಲ್ಲದ ಮನುಷ್ಯನಿಗೆ ಹವಾಮಾನ ಯಾಕೆ ಎಂದು ಕೇಳಬೇಕೆನಿಸಿತು. ಕೇಳಿದರೆ ಅವನು ಉತ್ತರ ಕೊಡುತ್ತಾನೆ, ಉತ್ತರ ಕೊಟ್ಟರೆ ಜಗಳವಾಗುತ್ತದೆ, ರೈಲು ತಪ್ಪುತ್ತದೆ. ಅಡುಗೆಮನೆಯಲ್ಲಿ ಮಗಳು ಅನ್ವಿತಾ ಕಾಫಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದಳು. ನಿನ್ನೆ ರಾತ್ರಿ ಟಿವಿಯಲ್ಲಿ ಬಂದ ಮುಖ ಇದೇ ಎಂದು ನಂಬುವುದು ಕಷ್ಟವಿತ್ತು. ಕಣ್ಣಿನ ಕೆಳಗೆ ತೊಳೆದರೂ ಹೋಗದ ಮಸಿ, ಅಪ್ಪನ ಹಳೆಯ ಸ್ವೆಟರು.

"ಅಮ್ಮಾ, ಮರೀಬೇಡ. ಬ್ಲಾಂಕಾ ಆಂಟಿ ಹತ್ರ ಇವತ್ತೇ ಕೇಳು. ವೆನ್ಸ್‌ಡೇ ಶೂಟ್ ಇದೆ."

ಏನು ಕೇಳಬೇಕು ಎಂಬುದನ್ನು ನಿನ್ನೆ ಕಾರಿನಲ್ಲಿ ಬರುವಾಗಲೇ ಹೇಳಿ ಮುಗಿಸಿದ್ದಳು. ಧಾರಾವಾಹಿಯಲ್ಲಿ ಅನ್ವಿತಾ ಮಾಡುತ್ತಿರುವುದು ಇನೇಸ್ ಎಂಬ ಮನೆಕೆಲಸದವಳ ಪಾತ್ರ. ಒಂದೇ ಕಂತಿಗೆ ಎಂದು ಕರೆದಿದ್ದವರು, ಹುಡುಗಿ ಚೆನ್ನಾಗಿ ಮಾಡಿದಳು ಎಂದು ಇನ್ನೊಂದಕ್ಕೆ ಕರೆದಿದ್ದರು. ಅದರಲ್ಲಿ ಕಾಗದಪತ್ರವಿಲ್ಲದ ಇನೇಸಳನ್ನು ಹಿಡಿಯಲು ಪೊಲೀಸರು ಯಜಮಾನನ ಅಡುಗೆಮನೆಗೇ ಬರುತ್ತಾರೆ. ಇನೇಸ್ ಮೊಣಕಾಲೂರಿ ಅಳುತ್ತಾಳೆ. ಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟೇ. ಹೇಗೆ ಅಳುತ್ತಾಳೆ, ಏನೆಂದು ಅಳುತ್ತಾಳೆ ಎಂದು ಅದರಲ್ಲಿ ಇರಲಿಲ್ಲ. ಚೆನ್ನಾಗಿ ಅತ್ತರೆ ಇನೇಸ್ ಮತ್ತೆ ಬರಬಹುದು, ಅಷ್ಟಿಷ್ಟು ಅತ್ತರೆ ಅಲ್ಲಿಗೇ ಮುಗಿಯುತ್ತದೆ ಎಂದು ಏಜೆಂಟ್ ಹೇಳಿದ್ದನಂತೆ. ಬ್ಲಾಂಕಾಳ ತಮ್ಮನನ್ನು ಎರಡು ವರ್ಷದ ಹಿಂದೆ ಕೋಳಿ ಫ್ಯಾಕ್ಟರಿಯಿಂದ ಹಿಡಿದುಕೊಂಡು ಹೋಗಿ ಈಕ್ವಡಾರಿಗೆ ವಾಪಸು ಕಳಿಸಿದ್ದರು. ಅವಳಿಗೆ ಗೊತ್ತಿರುತ್ತದೆ, ಷಿ ವುಡ್ ನೋ, ಎಂದಿದ್ದಳು ಅನ್ವಿತಾ, ಸಾರಿಗೆ ಎಷ್ಟು ಹುಳಿ ಎಂದು ಪಕ್ಕದ ಮನೆಯವರ ಹತ್ತಿರ ಕೇಳಿಕೊಂಡು ಬಾ ಎನ್ನುವ ಧಾಟಿಯಲ್ಲಿ.

ಗುಲಾಬಿ ಬೂಟು ಹಾಕಿಕೊಂಡು ಇಳಿದಳು. ಹ್ಯಾರಿಸನ್ ಸ್ಟೇಷನ್ನಿನ ಆಚೆ, ನದಿಯ ಕಡೆ, ಹೊಸ ಅಪಾರ್ಟ್‌ಮೆಂಟುಗಳ ಕೆಲಸ ಅರ್ಧಕ್ಕೇ ನಿಂತಿತ್ತು. ಕಿಟಕಿ ಇರಬೇಕಾದಲ್ಲಿ ಕಟ್ಟಿದ್ದ ಪ್ಲಾಸ್ಟಿಕ್ಕು ಮಾರ್ಚಿನ ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ನ್ಯೂವಾರ್ಕಿನಲ್ಲಿ ರೈಲು ಬದಲಿಸಿ ಸೀಕಾಕಸ್ಸಿನ ರೈಲಿನಲ್ಲಿ ಕೂತರೆ ಎದುರಿನ ಸೀಟಿನಲ್ಲಿ ಕರಿಕೋಟು ಹಾಕಿದವನೊಬ್ಬ ಪೇಪರು ಹಿಡಿದಿದ್ದ. ಅದರ ತುಂಬ ಬ್ಯಾಂಕುಗಳ ಹೆಸರು. ನಿನ್ನೆ ಧಾರಾವಾಹಿಯಲ್ಲಿಯೂ ಮನೆಯ ಯಜಮಾನ ಬ್ಯಾಂಕಿನವನೇ. ಅವನ ಬ್ಯಾಂಕು ಮುಳುಗುತ್ತದೆ, ಅದಕ್ಕೆ ಅವನು ದೊಡ್ಡ ಕಿಟಕಿಯ ಮುಂದೆ ಗ್ಲಾಸು ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ನಿಲ್ಲುತ್ತಾನೆ. ಅವನ ದುಃಖಕ್ಕೆ ಮಾತೇ ಬೇಡ, ಬೆನ್ನು ತೋರಿಸಿದರೆ ಸಾಕು. ಆಗ ಟ್ರೇ ಹಿಡಿದುಕೊಂಡು ಇನೇಸ್ ಬರುತ್ತಾಳೆ. ಮೇಲಿನ ಎರಡು ಗುಂಡಿ ಬಿಚ್ಚಿದ ಸಮವಸ್ತ್ರ, ಕೆಂಪು ತುಟಿ. ಪಾತ್ರೆ ತೊಳೆಯುವವಳು ಯಾರಿಗಾಗಿ ಬೆಳಿಗ್ಗೆ ಬೆಳಿಗ್ಗೆ ತುಟಿಗೆ ಬಣ್ಣ ಹಚ್ಚುತ್ತಾಳೆ ಎಂದು ಗುಲಾಬಿಗೆ ಆಗಲೇ ಕೇಳಬೇಕೆನಿಸಿತ್ತು, ಆದರೆ ಅವರು ಕೂತಿದ್ದದ್ದು ರಂಜನಿಯ ಮನೆಯ ನೆಲಮಾಳಿಗೆಯಲ್ಲಿ, ಗೋಡೆಯಷ್ಟು ಅಗಲದ ಟಿವಿಯ ಮುಂದೆ, ಅವಳು ಕೊಟ್ಟ ಚಕ್ಕುಲಿ ಕೈಯಲ್ಲಿ ಹಿಡಿದುಕೊಂಡು. ರಂಜನಿ ಮೈಸೂರಿನವಳು, ಕನ್ನಡ ಕೂಟದ ನಾಟಕ ಮಾಡಿಸುವವಳು. ಅವಳ ಗಂಡ ದಿವಾಕರನ ಕೆಲಸವೂ ಫೆಬ್ರವರಿಯಲ್ಲಿ ಹೋಗಿತ್ತು. ಎಲ್ಲರಿಗೂ ಗೊತ್ತಿದ್ದದ್ದರಿಂದ ಯಾರೂ ಆ ಮಾತು ಎತ್ತಲಿಲ್ಲ. ಬ್ಯಾಂಕಿನವನು ಕಿಟಕಿಯ ಮುಂದೆ ನಿಂತಾಗ ದಿವಾಕರ ಎದ್ದು ಬಾತ್‌ರೂಮಿಗೆ ಹೋದ. ಇನೇಸ್ ಕೂಗಾಡಿ ಪ್ಲೇಟು ಒಡೆದಳು. ಬಟ್ಟೆ ಒಗೆಯುವ ಮಷೀನಿಗೆ ಒರಗಿಕೊಂಡು ಯಜಮಾನನಿಗೆ ಮುತ್ತು ಕೊಟ್ಟಳು. ಆಗ ದೇಜಪ್ಪ ತನ್ನ ಮಂಡಿ ನೋಡಿಕೊಂಡ. ಆಮೇಲೆ ಇನೇಸ್ ಯಜಮಾನಿಯ ಕೋಣೆಯ ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಮಾಡಿ, ಹೆಬ್ಬೆರಳಿಗೆ ಮುತ್ತಿಟ್ಟು, ಆ ಬೆರಳನ್ನು ಬಾಗಿಲ ಚೌಕಟ್ಟಿಗೆ ಒತ್ತಿ, ಒಳಗೆ ಹೋಗಿ ಉಂಗುರ ಕದ್ದಳು.

"ಸೇಮ್ ಟು ಸೇಮ್ ನಮ್ಮ ಕ್ಲೀನಿಂಗ್ ಲೇಡಿ ಕಣ್ರೀ" ಎಂದಳು ರಂಜನಿ. "ಹೇಗೆ ಹಿಡಿದಿದ್ದಾಳೆ ನೋಡಿ ಅವರನ್ನ."

ಎಲ್ಲರೂ ಹೌದೆಂದರು. ಅನ್ವಿತಾ ನಾಚಿಕೊಂಡಳು. ಗುಲಾಬಿ ಮಾತ್ರ ಕೈಯಲ್ಲಿದ್ದ ಚಕ್ಕುಲಿ ಕೆಳಗಿಟ್ಟಳು. ಬೆರಳಿಗೆ ಮುತ್ತಿಟ್ಟು ಚೌಕಟ್ಟಿಗೆ ಒತ್ತುವುದು ಇನೇಸಳದ್ದಲ್ಲ, ಅವರದ್ದೂ ಅಲ್ಲ. ಅದು ಬ್ಲಾಂಕಾಳದ್ದು.

ಏಜೆಂಟ್ ಅನ್ವಿತಾಳ ಹೆಸರನ್ನು ಅನಿತಾ ಎಂದು ಮಾಡಿದ್ದ. ಅನಿತಾ ಎಂದರೆ ಎರಡೂ ಕಡೆಗೆ, ನಮ್ಮವರ ಪಾತ್ರಕ್ಕೂ ಸ್ಪ್ಯಾನಿಷಿನವರ ಪಾತ್ರಕ್ಕೂ, ಆಗುತ್ತದೆ ಎಂಬುದು ಅವನ ಲೆಕ್ಕ. ಆದರೆ ಒಂದೇ ಕಡೆಗೆ ಆಯಿತು. ಹುಡುಗಿ ಕಾಲೇಜಿನಲ್ಲಿ ನಾಟಕ ಕಲಿತು ಹೊರಬಂದ ವರ್ಷವೇ ಎಲ್ಲ ಕುಸಿದಿತ್ತು, ಅವಳು ತಟ್ಟೆ ಹೊರುತ್ತಿದ್ದ ಹೊಟೇಲು ಕೂಡ. ಕಪ್ಪು ಕೂದಲು, ಕಂದು ಮೈ ಎಂದು ಕರೆದಲ್ಲೆಲ್ಲ ಕೆಲಸದವಳು, ಗೂಂಡಾನ ಪ್ರೇಯಸಿ, ಗಡಿ ದಾಟಿ ಬಂದ ಬಸುರಿ. ಸ್ವಲ್ಪ ಇನ್ನೂ ಬಿಸಿ ಇರಲಿ, ಸ್ವಲ್ಪ ಖಾರ, ಎನ್ನುತ್ತಿದ್ದರಂತೆ, ಹುಡುಗಿ ಉಪ್ಪಿನಕಾಯಿ ಎಂಬಂತೆ. ಇನೇಸಳ ಪಾತ್ರ ಸಿಕ್ಕಿದಾಗ ಗುಲಾಬಿಯೇ ಅವಳನ್ನು ಬ್ಲಾಂಕಾಳ ಮನೆಗೆ ಕರೆದುಕೊಂಡು ಹೋದದ್ದು. ಯೂನಿಯನ್ ಸಿಟಿಯಲ್ಲಿ ಎರಡನೇ ಮಹಡಿ, ಕಿಟಕಿಯ ಮೇಲೆ ಹಿಮ. ಬ್ಲಾಂಕಾ ತಾಯಿ ಮಗಳಿಬ್ಬರಿಗೂ ಊಟ ಬಡಿಸಿದಳು. ತನ್ನ ಊರಿನವರು ಇಂಗ್ಲಿಷನ್ನು ಎಲ್ಲಿ ಎಳೆಯುತ್ತಾರೆ, ಎಲ್ಲಿ ನುಂಗುತ್ತಾರೆ ಎಂದು ತೋರಿಸಿದಳು, ಸಿಟ್ಟು ಬಂದರೆ ಸೊಂಟದ ಮೇಲೆ ಕೈ ಎಲ್ಲಿ ಬರುತ್ತದೆ ಎಂದು ಎದ್ದು ನಿಂತು ತೋರಿಸಿದಳು. ಹೊರಡುವಾಗ ಬಾಗಿಲಲ್ಲಿ ಅವಳು ಹಾಗೆ ಬೆರಳಿಗೆ ಮುತ್ತಿಟ್ಟು ಚೌಕಟ್ಟಿಗೆ ಒತ್ತಿದ್ದನ್ನು ಕಂಡು ಅನ್ವಿತಾ ಅದೇನೆಂದು ಕೇಳಿದಳು. ಮನೆಯಿಂದ ಯಾರೇ ಹೊರಟರೂ ನನ್ನ ತಾಯಿ ಹೀಗೆ ಮಾಡುತ್ತಿದ್ದಳು, ಹೋದವರು ವಾಪಸು ಬರಲಿ ಎಂದು, ಎಂದಿದ್ದಳು ಬ್ಲಾಂಕಾ. ಅನ್ವಿತಾ ಅದನ್ನು ಸೆಟ್ಟಿನಲ್ಲಿ ಒಂದು ಸಲ ಮಾಡಿದಳಂತೆ. ಡೈರೆಕ್ಟರು ಕುಣಿದಾಡಿ, ಉಂಗುರ ಕದಿಯುವ ಮುಂಚೆ ಇಡು ಅದನ್ನು, ಎಂದನಂತೆ. ಇದನ್ನು ಮನೆಗೆ ಬಂದು ಅನ್ವಿತಾ ಖುಷಿಯಿಂದ ಹೇಳಿದಾಗ ಗುಲಾಬಿ ಬಂಗುಡೆ ಶುಚಿ ಮಾಡುತ್ತಿದ್ದಳು. ಒಳ್ಳೆಯದಾಯಿತು ಎಂದಿದ್ದಳು. ಅದು ಈಗ ನೆನಪಾಗಿ ರೈಲಿನಲ್ಲಿಯೇ ಥೂ ಎಂದಳು. ಕರಿಕೋಟಿನವನು ಪೇಪರು ಇಳಿಸಿ ನೋಡಿದ. ಏನು ನೋಡುತ್ತೀ, ಎಂದಳು ಕನ್ನಡದಲ್ಲಿ. ಅವನು ಪೇಪರು ಮೇಲೆತ್ತಿಕೊಂಡ.

ಬ್ಲಾಂಕಾ ಬಂದಿದ್ದಳು. ಗೋದಾಮಿನಲ್ಲಿ ಅವರಿಬ್ಬರದು ಒಂದೇ ಮೇಜು, ಎದುರುಬದುರು. ಮುಚ್ಚಿಹೋದ ಅಂಗಡಿಗಳಿಂದ ವಾಪಸು ಬಂದ ಬಟ್ಟೆಗಳ ಪೆಟ್ಟಿಗೆಯನ್ನು ಬ್ಲಾಂಕಾ ಒಡೆಯಬೇಕು, ಒಂದೊಂದನ್ನೂ ಕೊಡವಿ ಕಲೆ, ಹರುಕು ನೋಡಿ ದಾಟಿಸಬೇಕು. ಹಳೆಯ ಬೆಲೆಯ ಚೀಟಿಯ ಮೇಲೆ ಕಡಿಮೆ ಬೆಲೆಯ ಚೀಟಿ ಅಂಟಿಸಿ, ಮಡಚಿ, ಪ್ಲಾಸ್ಟಿಕ್ಕಿಗೆ ಹಾಕುವುದು ಗುಲಾಬಿಯ ಕೆಲಸ. ಎದುರಿನವಳ ಕೈ ಎಷ್ಟು ಬೇಗ ಹೋಗುತ್ತದೆಯೋ ಅಷ್ಟು ಬೇಗ ತನ್ನದೂ ಹೋಗಬೇಕು, ಇಲ್ಲವಾದರೆ ನಡುವೆ ಗುಡ್ಡೆ ಬೀಳುತ್ತದೆ. ಎಷ್ಟೋ ವರ್ಷದಿಂದ ಅವರ ನಡುವೆ ಗುಡ್ಡೆ ಬಿದ್ದಿರಲಿಲ್ಲ. ಇಬ್ಬರದೂ ಮುರುಕು ಇಂಗ್ಲಿಷು, ಒಬ್ಬಳ ಮುರುಕು ಇನ್ನೊಬ್ಬಳಿಗೆ ಸಲೀಸು. ಗುಲಾಬಿ ಎಂದರೆ ಏನೆಂದು ತಿಳಿದುಕೊಂಡ ದಿನದಿಂದ ಬ್ಲಾಂಕಾ ಅವಳನ್ನು ರೋಸಾ ಎಂದೇ ಕರೆಯುತ್ತಿದ್ದಳು. ಇವತ್ತು ಗುಡ್ ಮಾರ್ನಿಂಗ್ ಎಂದಳು, ರೋಸಾ ಎನ್ನಲಿಲ್ಲ. ಅಥವಾ ಎಂದಿದ್ದಳೇ, ಟೇಪು ಹರಿಯುವ ಸದ್ದಿನಲ್ಲಿ ತನಗೆ ಕೇಳಿಸಲಿಲ್ಲವೇ? ಗುಲಾಬಿ ಅವಳ ಮುಖ ನೋಡದೆ ಕೈ ಮಾತ್ರ ನೋಡುತ್ತಾ ಮಡಚಿದಳು. ಆ ಕೈಗಳು ಎಂದಿನಂತೆಯೇ ಇದ್ದವು. ಒಂದು ಅಂಗಿ, ಇನ್ನೊಂದು ಅಂಗಿ, ಮಗುವಿನ ಕೋಟು. ನೋಡಿಲ್ಲದೆ ಇರಬಹುದು. ಕರೆಂಟು ಹೋಗಿರಬಹುದು, ಮಗುವಿಗೆ ಜ್ವರ ಬಂದಿರಬಹುದು. ಆದರೆ ಹದಿನೈದು ದಿನದಿಂದ ಇಡೀ ಗೋದಾಮಿಗೆ ಭಾನುವಾರ ನೋಡಿ, ಭಾನುವಾರ ನೋಡಿ, ನನ್ನ ಮಗಳು ಬರುತ್ತಾಳೆ ಎಂದು ಸಾರಿದವಳು ತಾನೇ ಅಲ್ಲವೆ. ಬಾಯಿ ಮುಚ್ಚಿಕೊಂಡಿರಲಿಕ್ಕೆ ಯಾವಾಗ ಬಂದಿತ್ತು ತನಗೆ.

ಚೀಟಿ ಅಂಟಿಸುತ್ತಾ ಅಂಟಿಸುತ್ತಾ ಅವಳಿಗೆ ದೇಜಪ್ಪನ ಪಂಚೆ ನೆನಪಾಯಿತು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ರಂಜನಿ ಪ್ರತಿವರ್ಷ ನಾಟಕ ಬರೆಯುತ್ತಿದ್ದಳು, ಪ್ರತಿವರ್ಷ ಅದರಲ್ಲಿ ಮಂಗಳೂರು ಕಡೆಯ ಹೊಟೇಲಿನವನೊಬ್ಬ ಬರುತ್ತಿದ್ದ, ಪ್ರತಿವರ್ಷ ಅದು ದೇಜಪ್ಪನಿಗೇ. ಪಂಚೆ ಮೇಲೆ ಕಟ್ಟಿ, ಹೆಗಲಿಗೆ ಟವೆಲು ಹಾಕಿ, ಎಂತ ಮಾರಾಯ್ರೇ, ಎಂತ ಸಾವು ಮಾರಾಯ್ರೇ, ಎಂದರೆ ಸಾಕು, ಸಭೆ ಬಿದ್ದು ಬಿದ್ದು ನಗುತ್ತಿತ್ತು. ಒಂದು ವರ್ಷ ಅವನು ಮನೆಯ ಹಿರಿಯನ ಪಾತ್ರ ಕೊಡಿ, ನಾಲ್ಕು ಮಾತು ನೆಟ್ಟಗೆ ಆಡುತ್ತೇನೆ ಎಂದು ಕೇಳಿದ. ಊರಿನಲ್ಲಿ ಶಾಲೆಯ ವಾರ್ಷಿಕೋತ್ಸವದಲ್ಲಿ ಅವನು ಹರಿಶ್ಚಂದ್ರ ಮಾಡಿದವನು. ನಿಮ್ಮ ಭಾಷೆಗೆ ಅಳು ಬರಲ್ಲ ದೇಜಪ್ಪ, ನಗುವೇ ಬರೋದು, ಎಂದಳಂತೆ ರಂಜನಿ, ಪ್ರೀತಿಯಿಂದಲೇ. ಗುಲಾಬಿ ಎದುರು ಸಿಕ್ಕಿದಾಗಲೂ ರಂಜನಿ ಮೂಗಿನಿಂದ ಎಳೆದು, ಎಂತ ಗುಲಾಬಿ, ಉಂಟಾ, ಎನ್ನುತ್ತಿದ್ದಳು. ಇವಳು ನಗುತ್ತಿದ್ದಳು. ಯಾರಿಗೂ ಹೆದರದ ಗುಲಾಬಿ, ಬಸ್ಸಿನ ಡ್ರೈವರಿಗೆ ಬೈದ ಗುಲಾಬಿ, ಮನೆಯ ಮಾಲೀಕನನ್ನು ಹೀಟರಿನ ವಿಷಯಕ್ಕೆ ಬೀದಿಯಲ್ಲಿ ನಿಲ್ಲಿಸಿ ಕೇಳಿದ ಗುಲಾಬಿ, ರಂಜನಿಯ ಎದುರು ಮಾತ್ರ ಹಲ್ಲು ಬಿಟ್ಟು ನಗುತ್ತಿದ್ದಳು. ನಗದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಮುಂದಿನ ಸಲ ಕರೆಯುತ್ತಿರಲಿಲ್ಲ, ಅಷ್ಟೇ. ಆ ಅಷ್ಟಕ್ಕೇ ನಕ್ಕಿದ್ದಳು. ಕೈ ತಪ್ಪಿ ಕಡಿಮೆ ಬೆಲೆಯ ಚೀಟಿ ಅವಳ ಹೆಬ್ಬೆರಳಿಗೇ ಅಂಟಿಕೊಂಡಿತು. ಕಿತ್ತು ಮೇಜಿನ ಅಂಚಿಗೆ ಒರೆಸಿದಳು.

ಊಟದ ಕೋಣೆಯಲ್ಲಿ ಎಲ್ಲರೂ ನೋಡಿದ್ದರು ಎಂದು ಗೊತ್ತಾಯಿತು. ಡೊಮಿನಿಕನ್ ಹೆಂಗಸು ಯಾನೀರಾ, ದಪ್ಪನೆಯವಳು, ಎಲ್ಲದಕ್ಕೂ ತಮಾಷೆ ಮಾಡುವವಳು, ಮೈಕ್ರೋವೇವಿನ ಮುಂದೆ ತಟ್ಟೆಯನ್ನು ಟ್ರೇಯಂತೆ ಹಿಡಿದು ಸೊಂಟ ತಿರುಗಿಸುತ್ತಾ ನಡೆದು ತೋರಿಸಿದಳು. ನಿನ್ನ ಹುಡುಗಿ ನಮ್ಮ ಮರ್ಯಾದೆ ತೆಗೆದಳು ರೋಸಾ, ಇನ್ನು ಗಂಡಂದಿರು ನಮ್ಮನ್ನು ಕೆಲಸಕ್ಕೆ ಕಳಿಸುವುದಿಲ್ಲ, ಎಂದಳು. ನಕ್ಕರು. ಇನ್ನೊಬ್ಬಳು ನನ್ನ ಯಜಮಾನನಿಗೆ ಕೂದಲೂ ಇಲ್ಲ, ಉಂಗುರವೂ ಇಲ್ಲ ಎಂದಳು. ಮತ್ತೂ ನಕ್ಕರು. ಅವರ ನಗುವಿನಲ್ಲಿ ಕೋಪ ಎಷ್ಟು, ನಗು ಎಷ್ಟು ಎಂದು ಗುಲಾಬಿಗೆ ತಿಳಿಯಲಿಲ್ಲ. ಬ್ಲಾಂಕಾ ಮೂಲೆಯಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದಳು. ಯಾನೀರಾ ಶಿಲುಬೆಯ ಗುರುತು ಮಾಡಿ, ಹೆಬ್ಬೆರಳಿಗೆ ಮುತ್ತಿಟ್ಟು, ಫ್ರಿಜ್ಜಿಗೆ ಒತ್ತಿ, ಯಾರದೋ ಮೊಸರಿನ ಡಬ್ಬಿ ಕದ್ದು ಎದೆಯೊಳಗೆ ತುರುಕಿಕೊಂಡಾಗ ಕೋಣೆ ಹಾರಿಹೋಗುವಂತೆ ನಕ್ಕರು. ಬ್ಲಾಂಕಾಳೂ ನಕ್ಕಳು. ಹಲ್ಲು ಕಾಣುವಷ್ಟು ನಕ್ಕಳು. ಕಣ್ಣು ಮಾತ್ರ ಡಬ್ಬಿಯಲ್ಲಿದ್ದ ಅನ್ನದ ಮೇಲೆಯೇ ಇತ್ತು. ಗುಲಾಬಿಗೆ ಆ ನಗುವಿನ ಉದ್ದ ಅಗಲ ಎಲ್ಲ ಗೊತ್ತಿತ್ತು. ಅದನ್ನು ನಕ್ಕ ಮೇಲೆ ದವಡೆ ಎಲ್ಲಿ ನೋಯುತ್ತದೆ ಎಂಬುದೂ ಗೊತ್ತಿತ್ತು. ಅವಳಿಗೆ ಎದ್ದು ಯಾನೀರಾಳ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲು ತಾನು ಯಾರು? ಕದ್ದು ತಂದವಳು ತಾನು, ಇವಳು ಬರೀ ಆಡಿ ತೋರಿಸಿದಳು. ಊಟ ಬಿಟ್ಟು ಎದ್ದಳು.

ಮಧ್ಯಾಹ್ನ ಮೇಜಿಗೆ ಬಂದ ಮೇಲೆ ಇನ್ನು ತಡೆಯುವುದಿಲ್ಲ ಎಂದುಕೊಂಡಳು. ತಪ್ಪಾಯಿತು ಎನ್ನಬೇಕು. ಇಂಗ್ಲಿಷಿನಲ್ಲಿ ಸಾರಿ ಎಂಬುದು ಕಾಲು ತುಳಿದವರೂ ಹೇಳುವ ಮಾತು, ಅದು ಇದಕ್ಕೆ ಸಾಲದು. ಸ್ಪ್ಯಾನಿಷಿನಲ್ಲಿ ಹೇಳಲಿಕ್ಕೆ ಬಾರದು. ಬೈಯಿ ನನಗೆ, ಎಂದು ಹೇಳಬೇಕು. ಬೈದರೆ ಸಲೀಸು, ತಾನೂ ಎರಡು ಮಾತು ವಾಪಸು ಬೈಯಬಹುದು, ಜಗಳವಾಗುತ್ತದೆ, ಜಗಳ ಮುಗಿಯುತ್ತದೆ. ಅವಳು ಬದುಕಿನಲ್ಲಿ ಸರಿಮಾಡಿಕೊಂಡದ್ದೆಲ್ಲ ಜಗಳದಿಂದಲೇ. ಬ್ಲಾಂಕಾ ಹೊಸ ಪೆಟ್ಟಿಗೆ ಒಡೆದಳು. ಒಳಗೆಲ್ಲ ಬಿಳಿ ಬ್ಲೌಸು. ಗುಲಾಬಿ ಬಾಯಿ ತೆರೆದಳು. ತಪ್ಪಾಯಿತು ಎಂಬ ಮಾತು ನಾಲಗೆಯ ತುದಿಯವರೆಗೆ ಬಂದದ್ದು ಅವಳಿಗೇ ಕಂಡಿತು. ಆದರೆ ಹೊರಗೆ ಬಿದ್ದದ್ದು ಬೇರೆ. ಬುಧವಾರ ಇನ್ನೊಂದು ಶೂಟಿಂಗ್ ಉಂಟು, ಪೊಲೀಸರು ಇನೇಸಳನ್ನು ಹಿಡಿಯಲು ಬರುತ್ತಾರೆ, ಆಗ ಹೇಗೆ ಅಳುತ್ತಾರೆ ಎಂದು ನಿನ್ನ ಹತ್ತಿರ ಕೇಳಲಿಕ್ಕೆ ಅನ್ವಿತಾ ಹೇಳಿದ್ದಾಳೆ, ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಹೇಳಿದ ಮೇಲೆ ಆ ಮಾತನ್ನು ಹಿಡಿದು ಬಾಯಿಯೊಳಗೆ ವಾಪಸು ತುರುಕುವ ಹಾಗಿದ್ದರೆ ತುರುಕುತ್ತಿದ್ದಳು. ಬೆಳಿಗ್ಗೆಯಿಂದ ಅದನ್ನು ಕೇಳಲೇಬಾರದು ಎಂದು ಹಲ್ಲು ಕಚ್ಚಿ ಇಟ್ಟುಕೊಂಡದ್ದೇ ಮುಳುವಾಯಿತೋ, ಅಥವಾ ಒಳಗಿಂದೊಳಗೆ ಅವಳಿಗೂ ಅದು ಬೇಕಿತ್ತೋ. ಮಗಳು ಗೆಲ್ಲಬೇಕು, ಇನೇಸ್ ಮತ್ತೆ ಬರಬೇಕು, ರಂಜನಿ ಮತ್ತೆ ಟಿವಿ ಹಾಕಬೇಕು.

ಬ್ಲಾಂಕಾ ಕೈಯಲ್ಲಿದ್ದ ಬ್ಲೌಸನ್ನು ಕೊಡವಿದಳು. ತಿರುಗಿಸಿ ಕಂಕುಳಲ್ಲಿ ಕಲೆ ಉಂಟೋ ಎಂದು ನೋಡಿದಳು. ದಾಟಿಸಿದಳು. ಆಮೇಲೆ, ಕೆಲಸದ ಮಾತಿನಂತೆಯೇ, ನಿನ್ನೆ ರಾತ್ರಿಯ ವಿಷಯ ಹೇಳಿದಳು. ಕಟ್ಟಡದವರನ್ನೆಲ್ಲ ಕರೆದಿದ್ದಳಂತೆ. ನನ್ನ ಶಿಷ್ಯೆ ಟಿವಿಯಲ್ಲಿ ಬರುತ್ತಾಳೆ ಎಂದು ಕೇಕು ತಂದಿದ್ದಳಂತೆ. ಎಲ್ಲರೂ ಸುಮ್ಮನೆ ಕೂತು ಕೇಕು ತಿಂದರಂತೆ, ಒಳ್ಳೆಯ ಹುಡುಗಿ, ಚಂದದ ಹುಡುಗಿ ಎಂದರಂತೆ.

"ನನ್ನ ಮಗಳಿದ್ದಾಳಲ್ಲ, ಚಿಕ್ಕವಳು" ಎಂದಳು. "ಉಂಗುರ ಕದಿಯುವಾಗ ಅವಳು ಹೇಳಿದಳು, ಮಮ್ಮಿ, ಅದು ನೀನು."

ಗುಲಾಬಿಯ ಮುಂದೆ ಬಿಳಿ ಬ್ಲೌಸುಗಳ ಗುಡ್ಡೆ ಬೀಳತೊಡಗಿತು. ಅವಳ ಕೈ ಓಡಲಿಲ್ಲ. ನನ್ನ ಮಗಳು ಬರೆದದ್ದಲ್ಲ ಅದು, ಅವರು ಬರೆದದ್ದು, ಅವಳಿಗೆ ಬೇರೆ ಪಾತ್ರ ಯಾರು ಕೊಡುತ್ತಾರೆ, ಎಂದೆಲ್ಲ ಹೇಳಲು ಹೊರಟಳು. ಅರ್ಧ ಹೇಳಿಯೂ ಹೇಳಿದಳು. ಬ್ಲಾಂಕಾ ಗೊತ್ತು ಎಂದಳು. ತನ್ನ ಸೋದರತ್ತೆಯ ಮಗಳೂ ಒಂದು ಸಲ ಇಂಥದ್ದಕ್ಕೇ ಹೋಗಿದ್ದಳು, ಅವಳಿಗೂ ಇದನ್ನೇ ಕೊಟ್ಟರು, ಬೇರೆ ಇಲ್ಲ, ಎಂದಳು. ಸಿಟ್ಟಿನ ಸುಳಿವೂ ಇರಲಿಲ್ಲ. ಗುಲಾಬಿಗೆ ಅದೇ ತಡೆಯಲಾಗಲಿಲ್ಲ. ಬೈಯಬಾರದೇ ಈ ಹೆಂಗಸು, ಕೂಗಬಾರದೇ, ಟಿವಿಯವಳಂತೆ ಒಂದು ಪ್ಲೇಟಾದರೂ ಒಡೆಯಬಾರದೇ. ಯೋಚಿಸಿದ್ದೇ ತಡ, ತಾನು ಏನನ್ನು ಬಯಸಿದೆ ಎಂಬುದು ಹೊಳೆದು ಕಿವಿಯವರೆಗೆ ಬಿಸಿಯಾಯಿತು.

"ಮಾತು ಕೇಳಿದಳು, ಕೊಟ್ಟೆ" ಎಂದಳು ಬ್ಲಾಂಕಾ. "ಕೈ ಕೇಳಿದಳು, ಕೊಟ್ಟೆ. ಅಮ್ಮನದು ಅವಳು ಕೇಳಲಿಲ್ಲ, ತೆಗೆದುಕೊಂಡಳು. ಇರಲಿ. ಅಳು ನಾನು ಕೊಡುವುದಿಲ್ಲ."

ತಮ್ಮ ಹೋದ ಮರುದಿನ ಬ್ಲಾಂಕಾ ಇದೇ ಮೇಜಿಗೆ ಬಂದು ಎಂದಿನಂತೆ ಪೆಟ್ಟಿಗೆ ಒಡೆದಿದ್ದಳು. ಅವಳು ಅತ್ತಳೋ ಇಲ್ಲವೋ ಗುಲಾಬಿಗೆ ಗೊತ್ತಿರಲಿಲ್ಲ. ಆವತ್ತು ಕೇಳಲಿಲ್ಲ. ಆವತ್ತು ಕೇಳದವಳು ಇವತ್ತು ಕೇಳಿದ್ದಳು, ಬುಧವಾರಕ್ಕೆ ಬೇಕು ಎಂದು. ಗುಡ್ಡೆ ದೊಡ್ಡದಾಗುತ್ತಿದ್ದಂತೆ ಬ್ಲಾಂಕಾ ಕೈ ನಿಲ್ಲಿಸಿ ಕಾದಳು. ಆ ಕಾಯುವಿಕೆಯೂ ಮೊದಲ ಸಲ. ಗುಲಾಬಿ ಮಡಚಿದಳು, ಅಂಟಿಸಿದಳು, ಮಡಚಿದಳು. ಕೆಲಸ ಬಿಡುವ ಮುಂಚೆ ಬ್ಲಾಂಕಾ ಹೋಗಿ ಸೂಪರ್‌ವೈಸರ್ ಇಮ್ರಾನನ ಹತ್ತಿರ ಏನೋ ಮಾತಾಡುವುದು ದೂರದಿಂದ ಕಂಡಿತು. ಇಮ್ರಾನ್ ಹೈದರಾಬಾದಿನವನು, ಅಮ್ಮಾ ಎಂದೇ ಕರೆಯುವವನು. ಗೇಟಿನ ಹತ್ತಿರ ಗುಲಾಬಿಯನ್ನು ತಡೆದು, ನಾಳೆಯಿಂದ ನೀವು ಯಾನೀರಾ ಜೊತೆ ಅಮ್ಮಾ, ಆ ಕಡೆ ಕೈ ಕಮ್ಮಿ ಇದೆ, ಎಂದ. ಕೈ ಯಾವ ಕಡೆಯೂ ಕಮ್ಮಿ ಇರಲಿಲ್ಲ. ಆಯಿತು ಎಂದಳು. ಸ್ಟೇಷನ್ನಿಗೆ ಹೋಗುವ ವ್ಯಾನಿನಲ್ಲಿ ಬ್ಲಾಂಕಾ ಮುಂದಿನ ಸೀಟಿನಲ್ಲಿದ್ದಳು. ಅವಳ ತಲೆಯ ಮೇಲಿನ ಉಣ್ಣೆಯ ಟೋಪಿಯನ್ನು ನೋಡುತ್ತಾ, ಹೆಸರು ಹಿಡಿದು ಒಮ್ಮೆ ಕರೆದರೆ ತಿರುಗುತ್ತಾಳೆ ಎಂದು ಗುಲಾಬಿಗೆ ಖಾತ್ರಿ ಇತ್ತು. ತಿರುಗಿದರೆ ಏನು ಹೇಳುವುದು ಎಂದು ಗೊತ್ತಿಲ್ಲದೆ ಕರೆಯಲಿಲ್ಲ.

ಮನೆಗೆ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ದೇಜಪ್ಪ ಅನ್ನ ಇಟ್ಟಿದ್ದ. ಅನ್ವಿತಾ ಬಾಗಿಲಿಗೇ ಓಡಿ ಬಂದು, ವಾಟ್ ಡಿಡ್ ಷಿ ಸೇ, ಎಂದಳು. ಗುಲಾಬಿ ಬೂಟು ಬಿಚ್ಚುವ ಮುಂಚೆಯೇ ಶುರು ಮಾಡಿದಳು. ಕಳ್ಳಿ ಎಂದಳು. ಬ್ಲಾಂಕಾಳ ತಾಯಿ ಬಾಗಿಲಿಗೆ ಒತ್ತುತ್ತಿದ್ದ ಬೆರಳನ್ನು ಕದ್ದು ಉಂಗುರದ ಕಳ್ಳತನಕ್ಕೆ ಹಾಕಿದೆ ಎಂದಳು, ನಿನ್ನಿಂದ ನನ್ನ ಮೇಜು ಹೋಯಿತು ಎಂದಳು, ಮೂರು ಭಾಷೆಯಲ್ಲಿ ಬೈದಳು. ಅನ್ವಿತಾ ಬಿಳಿಚಿಕೊಂಡು ಕೇಳಿದಳು. ನಾನೇನು ಮಾಡಲಿ ಅಮ್ಮಾ, ಅವರು ಬರೆದದ್ದನ್ನು ನಾನು ಬದಲಾಯಿಸಲಿಕ್ಕಾಗಲ್ಲ, ಅದಕ್ಕೇ ಒಳಗಡೆ ಏನಾದರೂ ನಿಜವಾದದ್ದು ಇಡೋಣ ಅಂತ ಮಾಡಿದೆ, ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಒಂದಾದರೂ ನಿಜ ಇದ್ದರೆ ಇನೇಸ್ ಮನುಷ್ಯರ ಹಾಗೆ ಕಾಣುತ್ತಾಳೆ ಅಂದುಕೊಂಡೆ ಎಂದಳು. ಹಾಗಾದರೆ ಅದನ್ನು ಕಳ್ಳತನಕ್ಕೆ ಯಾಕೆ ಬಿಟ್ಟೆ ಎಂದು ಗುಲಾಬಿ ಕೇಳಿದಳು. ಹುಡುಗಿ ಹಾಳೆಗಳನ್ನು ಎತ್ತಿಕೊಂಡು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಭ್ಯಾಸ ಮಾಡುವುದು ಅಲ್ಲಿಯೇ, ಟೈಲ್ಸಿನಿಂದ ದನಿ ವಾಪಸು ಬರುತ್ತದೆ ಎಂದು. ಸೋಫಾದಲ್ಲಿದ್ದ ದೇಜಪ್ಪ ಟಿವಿಯ ಸದ್ದು ತಗ್ಗಿಸಿದ, ಹೆಂಡತಿಯ ಕಡೆ ನೋಡಲಿಲ್ಲ.

ಗುಲಾಬಿ ಈರುಳ್ಳಿ ಹೆಚ್ಚಲು ನಿಂತಳು. ಮೊದಲು ಕೆಮ್ಮು ಕೇಳಿಸಿತು, ನಲ್ಲಿ ಬಿಟ್ಟು ನಿಲ್ಲಿಸಿದ್ದು ಕೇಳಿಸಿತು. ಆಮೇಲೆ ಅಳು ಶುರುವಾಯಿತು. ಕೆಳಗಿನಿಂದ, ಹೊಟ್ಟೆಯಿಂದ, ಬಾಯಿ ಮುಚ್ಚಿಕೊಂಡೇ ಎದ್ದ ಒಂದು ಎಳೆ. ಅದು ಮೇಲೇರುತ್ತಾ ಒಂದು ಕಡೆ ಮುರಿದು, ಮತ್ತೆ ಅಲ್ಲಿಂದಲೇ ಹಿಡಿದುಕೊಂಡು ಏರಿತು. ಗುಲಾಬಿಯ ಚಾಕು ನಿಂತಿತು. ಅವಳ ಊರಿನಲ್ಲಿ ಸತ್ತ ಮನೆಯಲ್ಲಿ ಹೆಂಗಸರು ಅಳುವುದಕ್ಕೆ ಒಂದು ರಾಗ ಉಂಟು, ಯಾರೂ ಕಲಿಸುವುದಿಲ್ಲ, ಆ ದಿನ ಅದು ತಾನಾಗಿ ಬರುತ್ತದೆ. ಆದರೆ ಇದು ಊರಿನದ್ದೂ ಅಲ್ಲ. ನಡುವೆ ಆ ಮುರಿಯುವುದು ಗುಲಾಬಿಯ ಸ್ವಂತದ್ದು. ಅಪ್ಪೆ, ಅವಳನ್ನು ಹೆತ್ತ ತಾಯಿ, ತೀರಿಹೋದಳು ಎಂದು ಊರಿನಿಂದ ಫೋನು ಬಂದಾಗ ಇವರ ವೀಸಾದ ಅರ್ಜಿ ಯಾವುದೋ ಕಚೇರಿಯಲ್ಲಿ ಸಿಕ್ಕಿಬಿದ್ದಿತ್ತು. ಹೊರಟರೆ ವಾಪಸು ಬರುವ ಹಾಗಿರಲಿಲ್ಲ. ಊರಿನಲ್ಲಿದ್ದ ಗುಲಾಬಿಯ ತಮ್ಮ ಫೋನನ್ನು ಹೆಣದ ಕಿವಿಯ ಹತ್ತಿರ ಹಿಡಿದಿದ್ದ, ಮಗಳು ಅತ್ತರೆ ಅವಳಿಗೆ ಕೇಳಲಿ ಎಂದು. ಪಕ್ಕದ ಮನೆಯವರು ಪೊಲೀಸರನ್ನು ಕರೆದಾರೆಂದು ಅವಳು ಬಾಯಿ ಮುಚ್ಚಿಕೊಂಡು ಅಪ್ಪೇ ಎಂದು ಶುರುಮಾಡಿದ್ದಳು, ತಡೆಯಲಾಗದೆ ಮುರಿದಿತ್ತು. ಆಗ ಅನ್ವಿತಾ ಚಿಕ್ಕವಳು, ಹಾಲಿಗೆ ಹಾಕಿದ ಸೀರಿಯಲ್ಲಿನ ಬಟ್ಟಲು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಕಾರ್ಟೂನು ನೋಡುತ್ತಿದ್ದಳು ಎಂದೇ ಗುಲಾಬಿ ಇಷ್ಟು ವರ್ಷ ತಿಳಿದಿದ್ದಳು.

ಹೋಗಿ ಬಾಗಿಲು ತಟ್ಟಿದಳು. ಅಳು ನಿಂತಿತು. ಅನ್ವಿತಾ ಬಾಗಿಲು ತೆರೆದಳು. ಮುಖ ಒದ್ದೆಯಾಗಿತ್ತು, ಅದು ನಲ್ಲಿಯ ನೀರೋ ಏನೋ.

"ಅದು ನನ್ನದು" ಎಂದಳು ಗುಲಾಬಿ.

"ಐ ನೋ."

"ನಿನ್ನ ಅಜ್ಜಿಗೆ ಅತ್ತದ್ದು ಅದು."

"ಐ ನೋ, ಅಮ್ಮಾ." ಹುಡುಗಿ ಹಾಳೆಗಳನ್ನು ಎದೆಗೆ ಒತ್ತಿ ಹಿಡಿದಿದ್ದಳು. "ಬೇರೆ ಯಾರು ಅಳೋದನ್ನೂ ನಾನು ನೋಡಿಲ್ಲ. ಈ ಸಲ ಕೇಳ್ತಾ ಇದೀನಿ. ಕ್ಯಾನ್ ಐ ಯೂಸ್ ಇಟ್?"

ಗುಲಾಬಿ ಕೂಗಲು ಸಿಟ್ಟನ್ನು ಹುಡುಕಿದಳು. ಎಲ್ಲಿಯೂ ಸಿಗಲಿಲ್ಲ. ಗುಂಡಿ ಬಿಚ್ಚಿದ ಸಮವಸ್ತ್ರದಲ್ಲಿ, ಕೆಂಪು ತುಟಿಯಲ್ಲಿ, ಯಾರದೋ ಬ್ಯಾಂಕಿನವನ ಅಡುಗೆಮನೆಯ ನೆಲದ ಮೇಲೆ ತನ್ನ ಅಪ್ಪೆಯ ಹೆಣ ಮಲಗಿದ್ದು ಕಂಡಿತು. ಸುತ್ತಲೂ ಚಕ್ಕುಲಿ ಹಿಡಿದುಕೊಂಡು ಜನ ಕೂತಿದ್ದರು. ಎದುರಿಗೆ ಮಗಳ ಮುಖವೂ ಇತ್ತು, ಚಿಕ್ಕಂದಿನಲ್ಲಿ ಏನನ್ನಾದರೂ ಕೇಳಿ ಕಾಯುವಾಗ ಇದ್ದಂತೆಯೇ.

"ಬೇಡ" ಎಂದಳು. ಅವಳಿಗೇ ಕೇಳಿಸದಷ್ಟು ಮೆಲ್ಲಗೆ ಬಂತು.

ಅನ್ವಿತಾ ತಲೆಯಾಡಿಸಿದಳು. ಬಾಗಿಲು ಮತ್ತೆ ಮುಚ್ಚಿಕೊಂಡಿತು. ಗುಲಾಬಿ ಅಲ್ಲಿಯೇ ಗೋಡೆಗೆ ಒರಗಿ ನಿಂತಳು. ಒಳಗೆ ಹಾಳೆ ಮಗುಚಿದ ಸದ್ದು, ಮೊಣಕಾಲು ನೆಲಕ್ಕೆ ತಾಗಿದ ಸದ್ದು. ಆಮೇಲೆ ಹುಡುಗಿ ಕಿರುಚಿದಳು. ಆಯ್ ಎಂದು ಎತ್ತರದಲ್ಲಿ ಶುರುಮಾಡಿ, ದಿಯೋಸ್ ಮಿಯೋ ಎಂದು ದೇವರನ್ನು ಕರೆದು ಎದೆ ಬಡಿದುಕೊಂಡು, ನೋ ಸೆನ್ಯೋರ್, ಪ್ಲೀಸ್ ಸೆನ್ಯೋರ್ ಎಂದು ಬಿಕ್ಕಿ ಬಿಕ್ಕಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಏರಬೇಕೋ ಅಲ್ಲಿ ಏರಿ ಅತ್ತಳು. ಎಲ್ಲಿಯೂ ಮುರಿಯಲಿಲ್ಲ. ಅದರಲ್ಲಿ ಬ್ಲಾಂಕಾ ಇರಲಿಲ್ಲ, ತಾನಿರಲಿಲ್ಲ, ಅನ್ವಿತಾಳೂ ಇರಲಿಲ್ಲ.

ಸೋಫಾದಿಂದ ದೇಜಪ್ಪ ಕತ್ತು ಎತ್ತಿ ಬಾತ್‌ರೂಮಿನ ಕಡೆ ಕಿವಿ ಕೊಟ್ಟ. ಬೆಳಗಿನಿಂದ ಮೊದಲ ಸಲ ಅವನ ಮುಖ ಸ್ವಲ್ಪ ಸಡಿಲಾಯಿತು.

"ಹಾಂ, ಈಗ ಸರಿಯಾಯಿತು ನೋಡು" ಎಂದ. "ಟಿವಿಯಲ್ಲಿ ಬರುವ ಹಾಗೆಯೇ ಉಂಟು."